ಕಲ್ಲಿದ್ದಲ ಕೋಣೆಯಲ್ಲಿ ಕಲಿತ ಛಾಯಾಗ್ರಹಣ

ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಕೊಲೋಡಿಯನ್ ವಿಧಾನಕ್ಕೆ ಪೇಟೆಂಟ್ ಇರಲಿಲ್ಲ. ಯಾರು ಬೇಕಾದರೂ ಕೈಹಾಕಬಹುದಿತ್ತು, ದುಡ್ಡೂ ಬಿಡುವೂ ಇದ್ದರೆ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರಾವಣ ಹರಡಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಹಸಿ ಆರುವ ಮೊದಲೇ ಚಿತ್ರ ತೆಗೆದು ತೊಳೆದುಬಿಡಬೇಕು. ಅಂದರೆ ಕತ್ತಲಕೋಣೆ ಕ್ಯಾಮೆರಾದ ಮಗ್ಗುಲಲ್ಲೇ ಇರಬೇಕು.

ಹೀಗೆ ತಾವೇ ಕಲಿತವರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಲ್ಲರಿಗಿಂತ ಪ್ರಸಿದ್ಧರು. 1863ರ ಕೊನೆಯಲ್ಲಿ, 48ನೇ ವಯಸ್ಸಿನಲ್ಲಿ, ಮಗಳು-ಅಳಿಯ ಹೊತ್ತು ಹೋಗಲೆಂದು ಅವರಿಗೊಂದು ಕ್ಯಾಮೆರಾ ಕೊಟ್ಟರು. ಐಲ್ ಆಫ್ ವೈಟ್ ದ್ವೀಪದ ಮನೆಯಲ್ಲಿ ಕಲ್ಲಿದ್ದಲ ಕೋಣೆ ಕತ್ತಲಕೋಣೆಯಾಯಿತು, ಕೋಳಿಗೂಡು ಸ್ಟುಡಿಯೋ ಆಯಿತು. ಸಿಲ್ವರ್ ನೈಟ್ರೇಟಿನಿಂದ ಕೈ ಕಪ್ಪಾಗುತ್ತಿತ್ತು. ಚಿತ್ರ ತೊಳೆಯಲು ಬಾವಿಯಿಂದ ನೀರು ಹೊರಬೇಕಿತ್ತು. ಎದುರು ಕೂತವರು ನಿಮಿಷಗಟ್ಟಲೆ ಅಲುಗಾಡುವಂತಿರಲಿಲ್ಲ. ಮುಂದಿನ ಜನವರಿಯಲ್ಲೇ, ಆನಿ ಎಂಬ ಹುಡುಗಿಯ ಚಿತ್ರವನ್ನು ಅವರು ತಮ್ಮ ಮೊದಲ ಯಶಸ್ಸೆಂದು ಕರೆದರು.

ಅವರ ಚಿತ್ರಗಳು ಮಸುಕು, ಫಲಕದಲ್ಲಿ ಬೆರಳ ಗುರುತು, ಗೀರು ಎಂದು ಅಂದಿನ ಛಾಯಾಗ್ರಹಣ ಪತ್ರಿಕೆಗಳು ಹೀಗಳೆದವು. ಟೀಕಾಕಾರರು ಕುಶಲತೆಯನ್ನು ಅಳೆದರು, ಮುಖಗಳನ್ನು ನೋಡಲಿಲ್ಲ. ವಿಜ್ಞಾನಿ ಜಾನ್ ಹರ್ಷೆಲ್ ಅವರ ಕೆದರಿದ ಬಿಳಿಗೂದಲಿನ 1867ರ ಭಾವಚಿತ್ರ ಇಂದಿಗೂ ಕಣ್ಣು ಹಿಡಿದು ನಿಲ್ಲಿಸುತ್ತದೆ. 1875ರಲ್ಲಿ ಸಿಲೋನಿಗೆ ಹೋದ ಕ್ಯಾಮೆರಾನ್ 1879ರಲ್ಲಿ ಅಲ್ಲೇ ತೀರಿಕೊಂಡರು.

ಅಷ್ಟರಲ್ಲಿ ಒಣ ಫಲಕಗಳು ಬಂದಿದ್ದವು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ 100 ಚಿತ್ರಗಳ ಸುರುಳಿ ತುಂಬಿದ ಕೊಡ್ಯಾಕ್ ಕ್ಯಾಮೆರಾ ಮಾರಾಟಕ್ಕಿಟ್ಟರು. ಸುರುಳಿ ಮುಗಿದರೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರಾಯಿತು. ಹವ್ಯಾಸಿಗೆ ರಸಾಯನಶಾಸ್ತ್ರ ಕಲಿಯುವ ಕಡ್ಡಾಯ ತಪ್ಪಿತು.