ಗೇಟೇ ಇಲ್ಲದ ಹಲಸೂರು ಗೇಟ್

ಹಲಸೂರು ಗೇಟ್ ಅಂದ ತಕ್ಷಣ ಬೆಂಗಳೂರಿನವರಿಗೆ ನೆನಪಾಗೋದು ಪೊಲೀಸ್ ಠಾಣೆ, ಟ್ರಾಫಿಕ್ ಜಾಮ್. ಸರಿ ಸ್ವಾಮಿ, ಆ ಗೇಟ್ ಎಲ್ಲಿದೆ? ಹುಡುಕಿದರೂ ಸಿಗಲ್ಲ. ಅದರ ಮುಂದಿದ್ದ ಕಂದಕವಂತೂ ಕೇಳಲೇಬೇಡಿ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಅಂದರೆ ಒಂದು ಮಣ್ಣಿನ ಕೋಟೆ, ಸುತ್ತಲೂ ಕಂದಕ, ಒಳಗೆ ಪೇಟೆ. ಉತ್ತರಕ್ಕೆ ಯಲಹಂಕ ಬಾಗಿಲು, ಪೂರ್ವಕ್ಕೆ ಹಲಸೂರು, ದಕ್ಷಿಣಕ್ಕೆ ಆನೇಕಲ್, ಪಶ್ಚಿಮಕ್ಕೆ ಸೊಂಡೆಕೊಪ್ಪ. ನಡುವೆ ಒಂದನ್ನೊಂದು ಕತ್ತರಿಸುವ ಎರಡು ಬೀದಿಗಳು: ಇವತ್ತು ಅವೆನ್ಯೂ ರಸ್ತೆ ಆಗಿರುವ ದೊಡ್ಡಪೇಟೆ ಮತ್ತು ಚಿಕ್ಕಪೇಟೆ.

ನಾನು ಓದಿದ್ದು ಎಂಜಿನಿಯರಿಂಗ್. ಆ ಕಣ್ಣಿಂದ ನೋಡಿದರೆ ಕಂದಕ ಬಹಳ ಜಾಣತನದ ಲೆಕ್ಕ. ತೋಡಿದ ಮಣ್ಣೇ ಪಕ್ಕದಲ್ಲಿ ಗೋಡೆಯಾಗುತ್ತೆ. ಒಂದೇ ಕೆಲಸಕ್ಕೆ ಎರಡು ತಡೆ. ಶತ್ರು ಮೊದಲು ಇಳಿಯಬೇಕು, ಆಮೇಲೆ ಹತ್ತಬೇಕು. ಸಾಲದ್ದಕ್ಕೆ ಸುತ್ತಲೂ ಮುಳ್ಳುಪೊದೆ.

1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೇನೆ ನುಗ್ಗಿದ್ದು ಇದೇ ಹಲಸೂರು ಬಾಗಿಲಿಗೆ. ಅವರ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಅಲ್ಲೇ ಸತ್ತ. ಪೇಟೆ ಬಿತ್ತು. ಎರಡು ವಾರ ಕಳೆದು, ಮಾರ್ಚ್ 21ರ ರಾತ್ರಿ, ದಕ್ಷಿಣದ ಕಲ್ಲಿನ ಕೋಟೆಯೂ ಬಿತ್ತು. ಮುಂದೆ ಊರು ಬೆಳೀತು. 19ನೇ ಶತಮಾನದಲ್ಲಿ ಕಂದಕ ತುಂಬಿಸಿದರು, ಗೋಡೆ ಕೆಡವಿದರು. ಅದನ್ನು ನಾನು ತಪ್ಪು ಅನ್ನಲ್ಲ. ಬೆಳೆಯೋ ಊರಿಗೆ ಕಂದಕ ಅಂದರೆ ಸೊಂಟಕ್ಕೆ ಬಿಗಿದ ಹಗ್ಗ.

ಆದರೆ ನೆಲ ಮರೆತಿಲ್ಲ. 2012ರಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರ ಮೆಟ್ರೋಗೆ ಅಗೆದಾಗ ಹಳೇ ಫಿರಂಗಿಗಳು ಎದ್ದು ಬಂದವು. ಮರೆತಿರೋದು ನಾವು. 2022ರಲ್ಲಿ ವಿಮಾನ ನಿಲ್ದಾಣದ ಬಳಿ ಕೆಂಪೇಗೌಡರಿಗೆ 108 ಅಡಿ ಪ್ರತಿಮೆ ನಿಲ್ಲಿಸಿದೆವು. ಒಳ್ಳೇದೇ. ಆದರೆ ಅವರು ಕಟ್ಟಿದ ಊರಿನ ಎಲ್ಲೆ ಯಾವುದು ಅಂತ ಒಂದು ಮಗು ಕೇಳಿದರೆ, ಬೆರಳು ತೋರಿಸೋಕೆ ಏನಿದೆ?

ಬರ್ಲಿನ್‌ನಲ್ಲಿ ಗೋಡೆ ಒಡೆದರು. ಆದರೆ ಅದು ಹಾದುಹೋಗಿದ್ದ ಜಾಗದಲ್ಲಿ, ನಗರದ ನಡುವೆ, ರಸ್ತೆಗೇ ಎರಡು ಸಾಲು ಕಲ್ಲು ಕೂರಿಸಿದರು. ವಾಹನ ಅದರ ಮೇಲೇ ಓಡುತ್ತೆ, ಯಾರಿಗೂ ತೊಂದರೆ ಇಲ್ಲ. ನಮ್ಮಲ್ಲಿ ಪೇಟೆಯ ರಸ್ತೆ, ಫುಟ್‌ಪಾತ್ ಎಷ್ಟು ಸಲ ಅಗೀತೀವಿ, ಮುಚ್ತೀವಿ! ಮುಂದಿನ ಸಲ ಮುಚ್ಚುವಾಗ, ಹಳೇ ನಕ್ಷೆ ಮುಂದಿಟ್ಟುಕೊಂಡು ಕಂದಕ ಇದ್ದ ಕಡೆ ಬೇರೆ ಬಣ್ಣದ ಒಂದು ಸಾಲು ಕಲ್ಲು ಹಾಕಲಿ. ನಾಲ್ಕು ಬಾಗಿಲಿದ್ದ ಕಡೆ ನಾಲ್ಕು ಫಲಕ ಹಾಕಲಿ.

ಪ್ರತಿಮೆ ನೋಡೋಕೆ ತಲೆ ಎತ್ತುತ್ತೇವೆ. ಕೆಂಪೇಗೌಡರ ಊರು ನೋಡೋಕೆ ಕಾಲ ಕೆಳಗಿನ ನೆಲ ನೋಡಬೇಕು.