ಬಾಲವಿಲ್ಲದ ವಿಮಾನ



ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ನ್ಯೂಟನ್ನನ ನಿಯಮಗಳನ್ನು ಬೋಧಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ನೋಟುಪುಸ್ತಕದಲ್ಲಿ ಬಾಲವಿಲ್ಲದ ವಿಮಾನವೊಂದರ ಚಿತ್ರ ಬರೆಯುತ್ತಿದ್ದ. "ಇದು ಹಾರುವುದಿಲ್ಲ, ಪಾಠ ಕೇಳು" ಎಂದು ಪುಸ್ತಕವನ್ನು ಕಿತ್ತುಕೊಂಡೆ. "ಯಾಕೆ ಹಾರುವುದಿಲ್ಲ, ಸಾರ್?" ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ಈಚೆಗೆ ಜಪಾನಿನ ಕಲಾವಿದರೊಬ್ಬರ ಸಾಹಸವನ್ನು ಓದಿದಾಗ ಆ ಪ್ರಶ್ನೆ ಮತ್ತೆ ಎದುರು ಬಂದು ನಿಂತಿತು.

1984ರಲ್ಲಿ ಹಯಾವೊ ಮಿಯಾಝಾಕಿಯವರು 'ಗಾಳಿ ಕಣಿವೆಯ ನೌಸಿಕಾ' ಎಂಬ ಅನಿಮೇಷನ್ ಚಿತ್ರವನ್ನು ನಿರ್ದೇಶಿಸಿದರು. ದೂರದ ಭವಿಷ್ಯದ ಆ ಕಥೆಯಲ್ಲಿ ನಾಯಕಿಯು 'ಮೆವೆ' ಎಂಬ ಪುಟ್ಟ ಬಿಳಿಯ ಯಂತ್ರವನ್ನೇರಿ ಹಾರುತ್ತಾಳೆ. ಜರ್ಮನ್ ಭಾಷೆಯ ಕಡಲಹಕ್ಕಿಯೊಂದರ ಹೆಸರು ಅದು. ಯಂತ್ರವೆಂದರೆ ಬರೀ ರೆಕ್ಕೆ. ಬಾಲವಿಲ್ಲ, ಆಸನವೂ ಇಲ್ಲ.

ಕಲಾವಿದ ಕಜುಹಿಕೊ ಹಚಿಯಾ ಅವರು 2003ರಲ್ಲಿ 'ಓಪನ್‌ಸ್ಕೈ' ಎಂಬ ಯೋಜನೆಯನ್ನು ಕೈಗೊಂಡು, ಆ ರೂಪದ ನಿಜವಾದ ವಿಮಾನವನ್ನು ಕಟ್ಟಲು ಹೊರಟರು. ಕಷ್ಟವಿದ್ದುದು ಬಾಲದಲ್ಲಿಯೇ. ಸಾಮಾನ್ಯ ವಿಮಾನದ ಮೂತಿ ಮೇಲಕ್ಕೋ ಕೆಳಕ್ಕೋ ವಾಲಿದರೆ ಅದನ್ನು ಸಮಸ್ಥಿತಿಗೆ ತರುವುದು ಬಾಲ. ಅದಿಲ್ಲದಿದ್ದರೆ ಆ ಹೊಣೆಯನ್ನು ರೆಕ್ಕೆಯ ಆಕಾರವೇ ಹೊರಬೇಕು. ಗುರುತ್ವ ಕೇಂದ್ರವೂ ತಕ್ಕ ಸ್ಥಾನದಲ್ಲಿರಬೇಕು.

ಹಚಿಯಾ ಅವಸರಪಡಲಿಲ್ಲ. ಮೊದಲು ಚಿಕ್ಕ ಮಾದರಿಯನ್ನು ಹಾರಿಸಿದರು. ಬಳಿಕ ರಬ್ಬರ್ ಹಗ್ಗದಿಂದ ಎಳೆದು ಹಾರಿಸುವ, ಎಂಜಿನ್ ಇಲ್ಲದ ಗ್ಲೈಡರನ್ನು ಕಟ್ಟಿ ತಾವೇ ಅಭ್ಯಾಸ ಮಾಡಿದರು. ಕೊನೆಗೆ ಪುಟ್ಟ ಜೆಟ್ ಎಂಜಿನ್ ಜೋಡಿಸಿದರು. ಹೀಗೆ ಸಿದ್ಧವಾದ 'ಎಂ-02ಜೆ'ಯ ರೆಕ್ಕೆಯ ಹರವು ಒಂಬತ್ತು ಮೀಟರಿಗೂ ಹೆಚ್ಚು. ತೂಕ ಮಾತ್ರ ಸುಮಾರು ನೂರು ಕಿಲೋ. ಚಾಲಕನು ಅದರ ಮೇಲೆ ಬೋರಲಾಗಿ ಮಲಗಿ ಹಾರಬೇಕು. 2016ರಲ್ಲಿ ಹೊಕ್ಕೈಡೊ ದ್ವೀಪದ ತಾಕಿಕಾವಾದಲ್ಲಿ ಜನರೆದುರು ಹಾರಿದ ಹಚಿಯಾ, 2019ರಲ್ಲಿ ಅಮೆರಿಕದ ಆಶ್‌ಕಾಶ್ ವಿಮಾನ ಮೇಳದಲ್ಲಿಯೂ ಹಾರಿ ತೋರಿಸಿದರು.

ಇನ್ನೊಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ಜರ್ಮನಿಯ ಹಾರ್ಟೆನ್ ಸಹೋದರರು ಬಾಲವಿಲ್ಲದ ಗ್ಲೈಡರುಗಳನ್ನು 1930ರ ದಶಕದಲ್ಲಿಯೇ ಹಾರಿಸಿದ್ದರು. ಎಂದರೆ, ನಾನು ಆ ಹುಡುಗನಿಗೆ ಹೇಳಿದ ಮಾತು ಅಂದಿಗೂ ತಪ್ಪಾಗಿತ್ತು. ಅವನ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ಅದೇ ಪಾಠವನ್ನು ಮುಂದುವರಿಸಬಹುದಿತ್ತು. ಆ ಪುಸ್ತಕವನ್ನು ಹಿಂದಿರುಗಿಸಿದೆನೇ ಎಂಬುದೂ ಈಗ ನೆನಪಿಲ್ಲ.

ಮಗೂ, ನೀನು ಇದನ್ನು ಓದುತ್ತಿದ್ದರೆ ನಿನ್ನ ಮೇಷ್ಟರನ್ನು ಕ್ಷಮಿಸು. ಅದು ಹಾರುತ್ತದೆ.