ಲಿಂಗವೆಂದರೆ ಗುರುತು

ಅಕ್ಕನ ಮಗಳನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋದ ದಿನ, ನಮ್ಮ ಸರದಿ ಬರುವವರೆಗೂ ಗೋಡೆಯ ಮೇಲಿನ ಬೋರ್ಡನ್ನೇ ಓದುತ್ತ ಕೂತಿದ್ದೆ. ಭ್ರೂಣದ ಲಿಂಗ ಪತ್ತೆ ಅಪರಾಧ ಎಂದಿತ್ತು. 1994ರ ಕಾಯ್ದೆ ಬರೆಸಿದ ಮಾತು ಅದು. ‘ಲಿಂಗ’ ಎಂಬ ಪದಕ್ಕೆ ದೇವರ ಮನೆಯಲ್ಲಿ ಒಂದು ಅರ್ಥ, ವ್ಯಾಕರಣದ ತರಗತಿಯಲ್ಲಿ ಇನ್ನೊಂದು, ಆಸ್ಪತ್ರೆಯಲ್ಲಿ ಮತ್ತೊಂದು. ಇಷ್ಟು ಕಡೆ ದುಡಿಯುವ ಈ ಸಂಸ್ಕೃತ ಪದದ ಹಳೆಯ ಅರ್ಥ ಬಲು ಸರಳ: ಗುರುತು.

ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದುಕೊಳ್ಳುತ್ತೇವಲ್ಲ, ಆ ಹೊಗೆಯನ್ನು ನಮ್ಮ ಹಳೆಯ ತರ್ಕವಾದ ನ್ಯಾಯಶಾಸ್ತ್ರ ‘ಲಿಂಗ’ ಎಂದೇ ಕರೆಯುತ್ತದೆ. ಕಣ್ಣಿಗೆ ಬಿದ್ದದ್ದು ಹೊಗೆ. ಬೆಂಕಿ ನಮ್ಮ ಅನುಮಾನ, ಅಂದರೆ ಊಹೆ. ದಾರಿ ತಪ್ಪಿಸುವ ಕಾರಣಗಳಿಗೆ ಆ ಶಾಸ್ತ್ರದ ಪಂಡಿತರು ಹೇತ್ವಾಭಾಸ ಎಂಬ ಹೆಸರನ್ನೂ ಇಟ್ಟಿದ್ದರು. ಗಂಡು ಹೆಣ್ಣೆಂಬುದು ದೇಹದ್ದೋ ಸಮಾಜದ್ದೋ ಎಂಬ ಜಗಳ ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಹೊಗೆ ನೆನಪಾಗುತ್ತದೆ. ದೇಹದ ಗುರುತು ಸುಳ್ಳಲ್ಲ. ಅದನ್ನು ಹಿಡಿದುಕೊಂಡು ನಾವು ಎಷ್ಟು ದೂರ ಊಹಿಸುತ್ತ ಹೋದೆವು ಎಂಬುದರ ಮೇಲೆಯೇ ನನ್ನ ತಕರಾರು.

ಆ ಗುರುತಾದರೂ ಒಂದೇ ಇದೆಯೇ? ವೃಷಣದ ಬೆಳವಣಿಗೆಗೆ ಚಾಲನೆ ಕೊಡುವ ಎಸ್‌ಆರ್‌ವೈ ಜೀನ್ ವೈ ವರ್ಣತಂತುವಿನಲ್ಲಿ ಪತ್ತೆಯಾದದ್ದು 1990ರಲ್ಲಿ. ಆದರೆ ವರ್ಣತಂತು, ಹಾರ್ಮೋನು, ಅಂಗ ಎಲ್ಲರ ದೇಹದಲ್ಲೂ ಒಂದೇ ಸಾಕ್ಷಿ ನುಡಿಯುವುದಿಲ್ಲ. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಹೆಣ್ಣಾಗಿ ಹುಟ್ಟಿ ಹೆಣ್ಣಾಗಿ ಬೆಳೆದವಳು. 2014ರಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಮಿತಿಗಿಂತ ಹೆಚ್ಚಿದೆ ಎಂದು ಅವಳನ್ನು ತಂಡದಿಂದ ಕೈಬಿಟ್ಟರು. ಆಗ ಅವಳಿಗೆ ಹದಿನೆಂಟು ವರ್ಷ. ಅವಳು ಸುಮ್ಮನಾಗಲಿಲ್ಲ, ಮರುವರ್ಷ ಕ್ರೀಡಾ ನ್ಯಾಯಮಂಡಳಿ ಆ ಮಿತಿಯ ನಿಯಮವನ್ನೇ ತಡೆಹಿಡಿಯಿತು.

ಈ ವಿಷಯದಲ್ಲಿ ನಮ್ಮ ಕನ್ನಡದ ನಡೆ ನನಗೆ ಬಹಳ ಪ್ರೀತಿ. ‘ಗಂಡು ಹುಟ್ಟಿತು’, ‘ಹೆಣ್ಣು ಹುಟ್ಟಿತು’ ಎನ್ನುತ್ತೇವೆ. ಕ್ರಿಯಾಪದ ಎರಡಕ್ಕೂ ನಪುಂಸಕವೇ. ಕೂಸು ನಗುತ್ತದೆ, ಮಗು ಅಳುತ್ತದೆ. ಗುರುತು ಗೊತ್ತಾದ ಮೇಲೂ ಭಾಷೆಗೆ ‘ಅವನು’, ‘ಅವಳು’ ಎನ್ನುವ ಆತುರವಿಲ್ಲ. ಆತುರವೆಲ್ಲ ತೊಟ್ಟಿಲ ಸುತ್ತ ನಿಂತವರದು. ಗಂಡುಹುಡುಗ ಅಳಬಾರದು, ಹೆಣ್ಣುಮಗಳು ಗಟ್ಟಿಯಾಗಿ ನಗಬಾರದು. ಅಳುವಿಗೂ ನಗುವಿಗೂ ಯಾವ ವರ್ಣತಂತು ಹೀಗೆ ಕಟ್ಟು ಹಾಕಿದೆ?

ಈಚೆಗೆ ಜೆಂಡರ್ ಎಂಬುದಕ್ಕೆ ‘ಲಿಂಗತ್ವ’ ಎಂಬ ಪದವೂ ಚಲಾವಣೆಗೆ ಬಂದಿದೆ. ಆ ‘ತ್ವ’ ಪ್ರತ್ಯಯ ಸಣ್ಣದು, ಹೊತ್ತ ಭಾರ ದೊಡ್ಡದು. ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಒಪ್ಪಿತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಜೋಗತಿ ಕಲೆಯ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು. ಆಕೆಯನ್ನು ‘ಅಮ್ಮ’ ಎಂದು ಕರೆಯಲು ಯಾರೂ ಪರೀಕ್ಷಾ ವರದಿ ಕೇಳಲಿಲ್ಲ.

ಆದರೆ 2023ರ ಕೊನೆಯಲ್ಲಿ ಬಯಲಾದ ಮಂಡ್ಯದ ಸುದ್ದಿ ಇನ್ನೂ ಎದೆಯಿಂದ ಇಳಿದಿಲ್ಲ. ಕಬ್ಬಿನ ಹಾಲು ಕಾಯುವ ಆಲೆಮನೆಯೊಂದರಲ್ಲಿ ಗುಟ್ಟಾಗಿ ಲಿಂಗ ಪತ್ತೆಯ ಸ್ಕ್ಯಾನಿಂಗ್ ನಡೆಯುತ್ತಿತ್ತು. ಪರದೆಯ ಮೇಲೆ ಕಂಡದ್ದು ಬರೀ ಒಂದು ಗುರುತು. ವರದಕ್ಷಿಣೆ, ವಂಶ, ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರು ಎಂಬ ಚಿಂತೆ, ಇವೆಲ್ಲ ಪರದೆಯ ಈಚೆ ಕೂತವರ ಅನುಮಾನ. ಅದಕ್ಕೆ ಬಲಿಯಾದವು ಇನ್ನೂ ಹುಟ್ಟದ ಹೆಣ್ಣುಗಳು.

ಅಕ್ಕನ ಮಗಳಿಗೆ ಹೆರಿಗೆಯಾದ ರಾತ್ರಿ ಫೋನು ನನ್ನ ಕೈಯಲ್ಲಿತ್ತು. ಕರೆ ಮಾಡಿದವರೆಲ್ಲ ಕೇಳಿದ್ದು ಒಂದೇ: “ಏನು ಮಗು?”

“ಅಳ್ತಾ ಇದೆ, ಚೆನ್ನಾಗಿದೆ. ತಾಯಿಯೂ ಚೆನ್ನಾಗಿದ್ದಾಳೆ” ಎಂದೆ.